ಗಾಳಿ ತಿರುಗುವ ತನಕದ ಬಿಡಾರ

ಗದಗಿನ ಖಾನಾವಳಿಯಲ್ಲಿ ಕುಳಿತು ಜೋಳದ ರೊಟ್ಟಿ ಮುರಿಯುವಾಗ, ಇದು ಅನಾದಿಯಿಂದ ನಮ್ಮ ಎರೆಮಣ್ಣಿನದೇ ಬೆಳೆಯೆಂದು ಹೆಮ್ಮೆಪಡದವರು ಕಡಿಮೆ. ಜೋಳವನ್ನು ಬೇಸಾಯಕ್ಕೆ ಒಗ್ಗಿಸಿದ ಅತಿ ಹಳೆಯ ಕುರುಹುಗಳು ದೊರೆತದ್ದು ಪೂರ್ವ ಸುಡಾನಿನಲ್ಲಿ. ಅವು ಸುಮಾರು 5000 ವರ್ಷ ಹಳೆಯವು. ಭಾರತಕ್ಕೆ ಅದು ಬಂದದ್ದು ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಲ್ಲಿ. ಹೀಗೆ ಸರಕೂ ಬೀಜವೂ ಪ್ರಯಾಣದಿಂದ ಹರಡಿದವು, ಸರಿ. ಆದರೆ ನಂಬಿಕೆಗಳೂ ವಿದ್ಯೆಗಳೂ ಹರಡಿದ್ದು ಹೆಚ್ಚಾಗಿ ಪ್ರಯಾಣಿಕರು ದಾರಿಯಲ್ಲಿ ಸುಮ್ಮನೆ ಕಾಯುತ್ತ ಕುಳಿತಾಗ ಎಂಬುದು ನನ್ನ ಎಣಿಕೆ.

ಕಾಯುವಂತೆ ಮಾಡಿದ್ದು ಗಾಳಿ. ಒಲೆಯ ಮೇಲಿನ ಹಂಚು ಬೇಗ ಕಾದು ಬೇಗ ಆರುತ್ತದೆ, ಪಕ್ಕದ ಹಂಡೆಯ ನೀರು ಎರಡಕ್ಕೂ ತಡಮಾಡುತ್ತದೆ. ನೆಲವೇ ಹಂಚು, ಕಡಲೇ ಹಂಡೆ. ಬೇಸಿಗೆಯಲ್ಲಿ ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇಳುತ್ತದೆ. ತೆರವಾದ ಜಾಗಕ್ಕೆ ಕಡಲಿನ ತೇವಗಾಳಿ, ಕಮ್ಮಾರನ ತಿದಿ ಉಸಿರೆಳೆದುಕೊಂಡಂತೆ ನುಗ್ಗುತ್ತದೆ, ಭೂಮಿಯ ತಿರುಗುವಿಕೆಯಿಂದ ಬಾಗಿ ನೈಋತ್ಯದಿಂದ ಬೀಸುತ್ತದೆ. ಚಳಿಗಾಲದಲ್ಲಿ ನೆಲವೇ ಮೊದಲು ಆರುವುದರಿಂದ ತಿದಿ ಉಸಿರು ಬಿಡುತ್ತದೆ, ಗಾಳಿ ತಿರುಗಿ ಈಶಾನ್ಯದಿಂದ ಬೀಸುತ್ತದೆ. ಈ ಗುಟ್ಟನ್ನು ಹಿಪ್ಪಾಲಸ್ ಎಂಬ ಗ್ರೀಕ್ ನಾವಿಕ ಕಂಡುಹಿಡಿದನೆಂಬ ಮಾತನ್ನು ಇಂದಿಗೂ ಒಪ್ಪಿಸುವವರಿದ್ದಾರೆ. ಅರಬ್ಬೀ ಕಡಲಿನ ಅಂಬಿಗರಿಗೆ ಅವನು ಹೇಳಿಕೊಡಬೇಕಾಗಿರಲಿಲ್ಲ.

ಕೆಂಪು ಸಮುದ್ರದ ಬಾಯಿಯಿಂದ ಮಲಬಾರಿನ ಮುಚಿರಿ ಬಂದರಿಗೆ 40 ದಿನದ ಹಾದಿ ಎಂದು ರೋಮಿನ ಲೇಖಕ ಪ್ಲಿನಿ ಬರೆದಿದ್ದಾನೆ. ಜುಲೈಯಲ್ಲಿ ಈಜಿಪ್ಟ್ ಬಿಟ್ಟ ಹಡಗು ಮೆಣಸನ್ನು ತುಂಬಿಕೊಂಡರೂ ಡಿಸೆಂಬರಿನ ಹೊತ್ತಿಗಷ್ಟೇ ಮರಳಿ ಹೊರಡಬಹುದಾಗಿತ್ತು. ಅಷ್ಟು ತಿಂಗಳು ಪರವೂರಿನಲ್ಲಿ ಬಿಡಾರ ಹೂಡಿದವನಿಗೆ ಅಲ್ಲಿಯ ಭಾಷೆ ಬೇಕು, ಸಾಲ ಕೊಡುವವರು ಬೇಕು, ಕೈಮುಗಿಯಲು ಒಂದು ಗುಡಿಯೂ ಬೇಕು.

ಒಳನಾಡಿನಲ್ಲಿ ಇದೇ ಕೆಲಸವನ್ನು ಕೆಸರು ಮಾಡಿತು. ಮಳೆಗಾಲದಲ್ಲಿ ನವಲಗುಂದದ ಎರೆಹೊಲದಲ್ಲಿ ಗಾಲಿಗೆ ಮೆತ್ತುವ ಮಣ್ಣನ್ನು ಕಂಡವರಿಗೆ, ಎತ್ತಿನ ಸಾಲುಗಳು ಏಕೆ ತಂಗುತ್ತಿದ್ದವೆಂದು ವಿವರಿಸಬೇಕಿಲ್ಲ. ತಿರುಗಾಟ ಬಿಟ್ಟು ಒಂದೇ ಕಡೆ ನಿಲ್ಲಬೇಕಾದ ಬೌದ್ಧ ಭಿಕ್ಷುಗಳ ವರ್ಷಾವಾಸವೂ ಜೈನ ಮುನಿಗಳ ಚಾತುರ್ಮಾಸವೂ ಅದೇ ತಿಂಗಳುಗಳವು. ಹೊರಡಲಾರದ ವರ್ತಕನೂ ಹೊರಡಬಾರದ ಸನ್ಯಾಸಿಯೂ ಒಂದೇ ಊರಲ್ಲಿ ಉಳಿದರೆ ಮಾತು ಬೆಳೆಯದಿರುತ್ತದೆಯೇ? ಮಹಾರಾಷ್ಟ್ರದ ಬೋರ್ ಘಾಟಿನ ಹತ್ತಿರದ ಕಾರ್ಲೆಯಲ್ಲಿ ಬಂಡೆ ಕೊರೆದು ಮಾಡಿದ ಬೌದ್ಧ ಚೈತ್ಯವನ್ನು, ಅಂದರೆ ಪೂಜಾಮಂದಿರವನ್ನು, ಪೂರ್ಣಗೊಳಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲನೆಂದು ಅಲ್ಲಿಯ ಶಾಸನ ಹೇಳುತ್ತದೆ. ವೈಜಯಂತಿಯೆಂದರೆ ಹಾವೇರಿಯ ನೆರೆಯ ಬನವಾಸಿ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಜಂಬೂದ್ವೀಪದಲ್ಲೇ ಉತ್ತಮವಾದ ಶಿಲಾಗೃಹವೆಂದು ಆತ ಕೊಚ್ಚಿಕೊಂಡಿದ್ದಾನೆ. ಒಳಗೆ ನಿಂತು ನೋಡಿದರೆ ಅದು ಸುಳ್ಳೆನ್ನಲು ಮನಸ್ಸು ಬರುವುದಿಲ್ಲ.

ಮುಂದೆ ಐಹೊಳೆಯ ಹೆಸರು ಹೊತ್ತ ಐನೂರ್ವರ ವರ್ತಕ ಸಂಘ ಸುಮಾತ್ರಾದವರೆಗೂ ಹೋಯಿತು. ಅಲ್ಲಿಯ ಬಾರುಸ್‌ನಲ್ಲಿ ಅವರದು 1088ರ ತಮಿಳು ಶಾಸನವಿದೆ. ಆ ಬಂದರು ಹೆಸರಾಗಿದ್ದುದು ಕರ್ಪೂರಕ್ಕೆ.