ಬೂಷ್ಟು ಹಿಡಿದ ಮೇವಿನ ಬೆನ್ನು ಹತ್ತಿದ ದನದ ಡಾಕ್ಟರ್

ದನ ಸಾಕಿದವರಿಗೆ ಗಳಲೆ ರೋಗ, ಚಪ್ಪೆ ರೋಗ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಮಳೆಗಾಲ ಶುರುವಾಗುವ ಮುಂಚೆ ಲಸಿಕೆ ಹಾಕಿಸುವುದೇ ಇವಕ್ಕೆ. ಗಳಲೆಯಲ್ಲಿ ಗಂಟಲು ಊದಿ ಉಸಿರು ಕಟ್ಟುತ್ತದೆ. ಚಪ್ಪೆಯಲ್ಲಿ ತೊಡೆ ಊದಿಕೊಂಡು, ಒತ್ತಿದರೆ ಚರಚರ ಎನ್ನುತ್ತದೆ. ಎರಡೂ ರೋಗಾಣುವಿನಿಂದ ಬರುವಂಥವು. ನಿನ್ನೆ ಮೇಯುತ್ತಿದ್ದ ಹಸು ಇವತ್ತು ಇರುವುದಿಲ್ಲ.

1924ರಲ್ಲಿ ಅಮೆರಿಕದ ಪಶುವೈದ್ಯರ ಸಂಘದ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಅದರ ಉದ್ದನೆಯ ತಲೆಬರಹದಲ್ಲಿ ಈ ಎರಡು ರೋಗಗಳ ಹೆಸರೂ ಇದೆ. ಕನ್ನಡದಲ್ಲಿ ಹೇಳುವುದಾದರೆ, ‘ಕೆಟ್ಟ ಸ್ವೀಟ್ ಕ್ಲೋವರ್: ಗಳಲೆ ಮತ್ತು ಚಪ್ಪೆ ರೋಗದ ಹಾಗೆ ಕಾಣುವ ದನದ ಹೊಸ ಕಾಯಿಲೆಗೆ ಕಾರಣ’. ಬರೆದವರು ಫ್ರಾಂಕ್ ಸ್ಕೋಫೀಲ್ಡ್. ಕೆನಡಾದ ಒಂಟಾರಿಯೊ ವೆಟರ್ನರಿ ಕಾಲೇಜಿನ ಮೇಷ್ಟ್ರು. ನೋಡೋಕೆ ಗಳಲೆ, ಚಪ್ಪೆ ಇದ್ದ ಹಾಗೇ ಇದೆ, ಆದರೆ ಅದಲ್ಲ ಅಂತ ಆ ಮೇಷ್ಟ್ರು ಹಟ ಹಿಡಿದು ತೋರಿಸಿದ್ದರು. ಇವತ್ತು ಹೃದಯದ ಕವಾಟ ಬದಲಾಯಿಸಿಕೊಂಡ ಎಷ್ಟೋ ಜನ ರಕ್ತ ಹೆಪ್ಪುಗಟ್ಟದಿರಲಿ ಅಂತ ದಿನಾ ನುಂಗುವ ವಾರ್ಫರಿನ್ ಮಾತ್ರೆಯ ಜಾತಕ ಬಿಚ್ಚಿದರೆ ಮೊದಲ ಪುಟದಲ್ಲಿ ಸಿಗುವುದು ಈ ಲೇಖನವೇ.

ಮೊದಲು ಆ ಗಿಡದ ವಿಷಯ. ಸ್ವೀಟ್ ಕ್ಲೋವರ್ ನಮ್ಮ ಮೆಂತ್ಯದ ಹತ್ತಿರದ ನೆಂಟ. ಯೂರೋಪಿನಿಂದ ಹೋದದ್ದು. ಬರಡು ನೆಲದಲ್ಲೂ ಬೆಳೆಯುತ್ತದೆ, ಚಳಿ ತಡೆಯುತ್ತದೆ, ಮಣ್ಣಿಗೂ ಒಳ್ಳೆಯದು. ಹಾಗಾಗಿ 20ನೇ ಶತಮಾನದ ಶುರುವಿನಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಬಯಲಿನ ರೈತರು ಇದನ್ನು ಧಾರಾಳವಾಗಿ ಬಿತ್ತಿದರು. ಕೊಯ್ದು ಒಣಗಿಸಿ ಚಳಿಗಾಲಕ್ಕೆ ಕೂಡಿಟ್ಟರು. ಒಣಹುಲ್ಲಿಗೆ ಒಂದು ಸಿಹಿ ಪರಿಮಳ ಇರುತ್ತದಲ್ಲ, ಅದು ಕೂಮರಿನ್ ಅನ್ನುವ ವಸ್ತುವಿನದು. ಈ ಗಿಡದಲ್ಲಿ ಅದು ಜಾಸ್ತಿ. ಕೂಮರಿನ್ ಇದ್ದಷ್ಟಕ್ಕೆ ಹಸುವಿಗೆ ಏನೂ ಆಗುವುದಿಲ್ಲ. ಆದರೆ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ದಪ್ಪ ಕಾಂಡ ಸರಿಯಾಗಿ ಒಣಗುವುದಿಲ್ಲ. ಬಣವೆಯ ಒಳಗೆ ಬೂಷ್ಟು ಬೆಳೆಯುತ್ತದೆ.

1920ರ ಆಸುಪಾಸಿನಲ್ಲಿ ದನಗಳು ರಕ್ತ ಸೋರಿ ಸಾಯತೊಡಗಿದವು. ಕೊಂಬು ಕತ್ತರಿಸಿದರೆ ರಕ್ತ ನಿಲ್ಲುತ್ತಿರಲಿಲ್ಲ. ಹೋರಿಯ ಬೀಜ ಒಡೆಸಿದರೆ ಮರುದಿನಕ್ಕೆ ಹೋರಿ ಇರುತ್ತಿರಲಿಲ್ಲ. ಏನೂ ಗಾಯವಿಲ್ಲದ ದನದ ಮೈಯಲ್ಲೂ ಚರ್ಮದ ಕೆಳಗೆ ರಕ್ತ ತುಂಬಿಕೊಂಡು ಗಡ್ಡೆಗಳು ಏಳುತ್ತಿದ್ದವು. ಊತ ನೋಡಿದವರು ಚಪ್ಪೆ ಅಂದರು, ಗಳಲೆ ಅಂದರು.

ಇಂಥ ಹೊತ್ತಲ್ಲಿ ಸ್ಕೋಫೀಲ್ಡ್ ಕಾಲೇಜಿಗೆ ಬಂದರು. ಈ ಮನುಷ್ಯನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 1889ರಲ್ಲಿ ಇಂಗ್ಲೆಂಡಿನ ರಗ್ಬಿ ಊರಲ್ಲಿ ಹುಟ್ಟಿದವರು. 1907ರಲ್ಲಿ ಕೆನಡಾಕ್ಕೆ ಹೋಗಿ, ಹೊಲದಲ್ಲಿ ದುಡಿದು, ಆಮೇಲೆ ಪಶುವೈದ್ಯ ಓದಿದರು. ಓದುವಾಗಲೇ ಪೋಲಿಯೊ ಬಂದು ಒಂದು ಕೈ, ಒಂದು ಕಾಲು ಸೋತವು. ಕೋಲು ಕೊನೆಯವರೆಗೂ ಜೊತೆಗಿತ್ತು. 1916ರಲ್ಲಿ ಕೊರಿಯಾಕ್ಕೆ ಹೋದರು. ಅಲ್ಲಿನ ಸಿಯೋಲ್ ನಗರದ ಸೆವೆರೆನ್ಸ್ ಮೆಡಿಕಲ್ ಕಾಲೇಜಿನಲ್ಲಿ ಬ್ಯಾಕ್ಟೀರಿಯಾಗಳ ಪಾಠ ಮಾಡುವ ಕೆಲಸ. 1918ರ ದೊಡ್ಡ ಫ್ಲೂ ಕೊರಿಯಾದಲ್ಲಿ ಹೇಗೆ ಹಬ್ಬಿತು ಅಂತ ಇನ್ನೊಬ್ಬರ ಜೊತೆ ಸೇರಿ ಬರೆದ ವರದಿ ಮರುವರ್ಷ ಅಮೆರಿಕದ ವೈದ್ಯ ಪತ್ರಿಕೆಯಲ್ಲಿ ಬಂತು.

ಆಗ ಕೊರಿಯಾ ಜಪಾನಿನ ಕೈಯಲ್ಲಿತ್ತು. 1919ರ ಮಾರ್ಚ್ 1ರಂದು ಜನ ಸ್ವಾತಂತ್ರ್ಯ ಕೇಳಿ ಬೀದಿಗಿಳಿದರು. ಈ ಕುಂಟು ಮೇಷ್ಟ್ರು ಕ್ಯಾಮೆರಾ ಹಿಡಿದು ಹೊರಟರು. ಏಪ್ರಿಲ್‌ನಲ್ಲಿ ಜೆಯಾಮ್‌ರಿ ಅನ್ನುವ ಹಳ್ಳಿಯಲ್ಲಿ ಸೈನಿಕರು ಜನರನ್ನು ಚರ್ಚಿನೊಳಗೆ ಕೂಡಿ ಬೆಂಕಿ ಹಚ್ಚಿದರು. ಕೆಲವೇ ದಿನಗಳಲ್ಲಿ ಸ್ಕೋಫೀಲ್ಡ್ ಅಲ್ಲಿಗೆ ಹೋಗಿ ಫೋಟೊ ತೆಗೆದು, ವರದಿ ಬರೆದು ಹೊರದೇಶಗಳಿಗೆ ಮುಟ್ಟಿಸಿದರು. 1920ರಲ್ಲಿ ಕೊರಿಯಾ ಬಿಟ್ಟರು. ಮರುವರ್ಷ ತಾವು ಓದಿದ ಕಾಲೇಜಿನಲ್ಲೇ ಮೇಷ್ಟ್ರಾದರು.

ಅಂದ ಹಾಗೆ, ವಿಷವಿಜ್ಞಾನಿ ಅನ್ನುವ ಪಟ್ಟ ಅವರಿಗೆ ಇರಲಿಲ್ಲ. ಅವರು ಕಲಿಸುತ್ತಿದ್ದದ್ದು ರೋಗಶಾಸ್ತ್ರ ಮತ್ತು ರೋಗಾಣುಗಳ ವಿಷಯ. ನನಗೆ ಈ ಕಥೆಯಲ್ಲಿ ಜಾಸ್ತಿ ಇಷ್ಟವಾಗುವುದು ಇದೇ. ರೋಗಾಣುಗಳ ಮೇಷ್ಟ್ರ ಮುಂದೆ ರೋಗಾಣುವಿನ ಕಾಯಿಲೆಯ ಹಾಗೇ ಕಾಣುವ ಹೆಣ ಬಂದು ಬಿದ್ದಿದೆ. ಆದರೂ ಅವರು ನೋಡಿದ್ದು ಕೊಟ್ಟಿಗೆಯ ಮೇವನ್ನು.

ಪ್ರಯೋಗ ಎಷ್ಟು ಸರಳ ಅಂದರೆ ನಮ್ಮ ಹೈಸ್ಕೂಲ್ ಮಕ್ಕಳಿಗೂ ಅರ್ಥವಾಗುತ್ತದೆ. ಒಂದೇ ಬಣವೆಯ ಹುಲ್ಲು ತೆಗೆದುಕೊಂಡರು. ಚೆನ್ನಾಗಿದ್ದ ಕಡ್ಡಿ ಒಂದು ಕಡೆ, ಬೂಷ್ಟು ಹಿಡಿದ ಕಡ್ಡಿ ಇನ್ನೊಂದು ಕಡೆ ಆರಿಸಿಟ್ಟರು. ಎರಡನ್ನೂ ಮೊಲಗಳಿಗೆ ಹಾಕಿದರು. ಒಳ್ಳೆಯ ಕಡ್ಡಿ ತಿಂದ ಮೊಲ ಚೆನ್ನಾಗಿಯೇ ಇತ್ತು. ಕೆಟ್ಟದ್ದು ತಿಂದದ್ದು ಒಳಗೇ ರಕ್ತ ಸೋರಿ ಸತ್ತಿತು. ಹೊಲ ಒಂದೇ, ಕೊಯ್ಲು ಒಂದೇ, ಬಣವೆಯೂ ಒಂದೇ. ಹಾಗಾದರೆ ಗಿಡದ ತಪ್ಪಲ್ಲ, ಗಿಡ ಕೆಡುವಾಗ ಆಗುವ ಏನೋ ಒಂದರ ತಪ್ಪು. ಅಂಥ ಮೇವು ತಿಂದ ದನದ ರಕ್ತ ಹೆಪ್ಪುಗಟ್ಟುವ ಶಕ್ತಿ ಸುಮಾರು 15 ದಿನಕ್ಕೆ ಕಮ್ಮಿಯಾಗುತ್ತದೆ, 30ರಿಂದ 50 ದಿನದೊಳಗೆ ಸಾವು. ಅವರು ಹೇಳಿದ ಪರಿಹಾರ ಎರಡೇ. ಆ ಮೇವು ನಿಲ್ಲಿಸಿ. ಕಾಯಿಲೆ ಬಿದ್ದ ದನಕ್ಕೆ ಆರೋಗ್ಯವಾಗಿರುವ ದನದ ರಕ್ತ ಕೊಡಿ.

ಹೇಳಿದಷ್ಟು ಸುಲಭವೇ? ಚಳಿಗಾಲದ ನಡುವೆ ಬೇರೆ ಮೇವು ಎಲ್ಲಿಂದ ತರುವುದು? ಎಷ್ಟೋ ರೈತರು ಅದನ್ನೇ ಹಾಕುತ್ತಾ ಹೋದರು.

ಮುಂದಿನ ಹೆಜ್ಜೆ ಇಟ್ಟವರೂ ಪಶುವೈದ್ಯರೇ. ಅಮೆರಿಕದ ನಾರ್ತ್ ಡಕೋಟಾದ ಲೀ ರಾಡರಿಕ್. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೊತ್ರೋಂಬಿನ್ ಅನ್ನುವ ಪ್ರೋಟೀನ್ ಈ ದನಗಳಲ್ಲಿ ಕುಸಿದು ಹೋಗಿರುತ್ತದೆ ಅಂತ 1930ರ ಹೊತ್ತಿಗೆ ಅವರು ತೋರಿಸಿದರು. ಆದರೆ ಅದನ್ನು ಕುಸಿಯುವ ಹಾಗೆ ಮಾಡುವ ವಿಷ ಯಾವುದು ಅಂತ ಇನ್ನೂ ಯಾರಿಗೂ ಸಿಕ್ಕಿರಲಿಲ್ಲ.

1933ರ ಫೆಬ್ರುವರಿ. ವಿಸ್ಕಾನ್ಸಿನ್ ರಾಜ್ಯದ ರೈತನೊಬ್ಬ ಹಿಮಗಾಳಿಯಲ್ಲಿ ಸುಮಾರು 300 ಕಿಲೋಮೀಟರ್ ಗಾಡಿ ಓಡಿಸಿಕೊಂಡು ಮ್ಯಾಡಿಸನ್ ನಗರಕ್ಕೆ ಬಂದ. ಜೊತೆಗೆ ಸತ್ತ ಕಡಸು, ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ, 45 ಕಿಲೋದಷ್ಟು ಕೆಟ್ಟ ಹುಲ್ಲು. ಅವತ್ತು ಶನಿವಾರ, ಪಶುವೈದ್ಯರ ಕಚೇರಿ ಬಾಗಿಲು ಹಾಕಿತ್ತು. ಸುತ್ತಾಡುತ್ತಾ ಕಾರ್ಲ್ ಪಾಲ್ ಲಿಂಕ್ ಅನ್ನುವ ಜೀವರಸಾಯನ ಮೇಷ್ಟ್ರ ಲ್ಯಾಬಿಗೆ ಬಂದ. ಲಿಂಕ್ ಅವನಿಗೆ ಹೇಳಿದ್ದೇನು? ಈ ಮೇವು ನಿಲ್ಲಿಸು, ಸಾಧ್ಯವಾದರೆ ರಕ್ತ ಕೊಡಿಸು. ಸ್ಕೋಫೀಲ್ಡ್ ಬರೆದು ಒಂಬತ್ತು ವರ್ಷ ಆಗಿತ್ತು, ಅದಕ್ಕಿಂತ ಒಂದು ಮಾತು ಹೆಚ್ಚು ಹೇಳಲು ಯಾರ ಬಳಿಯೂ ಏನೂ ಇರಲಿಲ್ಲ.

ಆ ರಕ್ತದ ಕ್ಯಾನ್ ಲಿಂಕ್ ಬಳಗವನ್ನು ಆರು ವರ್ಷ ದುಡಿಸಿತು. 1939ರ ಜೂನ್‌ನಲ್ಲಿ ಬಳಗದ ಹೆರಾಲ್ಡ್ ಕ್ಯಾಂಪ್‌ಬೆಲ್ ಕೈಗೆ ಆ ವಿಷದ ಹರಳು ಸಿಕ್ಕಿತು. ಬೂಷ್ಟು ಕೂಮರಿನ್ನನ್ನು ಬದಲಾಯಿಸಿ, ಎರಡು ತುಣುಕುಗಳನ್ನು ಜೋಡಿಸಿ ಮಾಡುವ ವಸ್ತು ಅದು. ಡೈಕುಮರಾಲ್ ಅಂತ ಹೆಸರಾಯಿತು. ಲಿವರ್ ಪ್ರೊತ್ರೋಂಬಿನ್ ಮಾಡುವಾಗ ವಿಟಮಿನ್ ಕೆಯನ್ನು ಮತ್ತೆ ಮತ್ತೆ ಬಳಸುತ್ತದೆ. ಹಾಗೆ ಮತ್ತೆ ಬಳಸಲು ಬಿಡದಿರುವುದೇ ಡೈಕುಮರಾಲ್ ಕೆಲಸ. ಸ್ಕೋಫೀಲ್ಡ್ ಬರೆದ ಕಾಲಕ್ಕೆ ವಿಟಮಿನ್ ಕೆ ಇದೆ ಅಂತಲೇ ಗೊತ್ತಿರಲಿಲ್ಲ.

ಮುಂದಿನದು ಬೇಗ ಬೇಗ ನಡೆಯಿತು. ಡೈಕುಮರಾಲ್ ಮಾದರಿಯಲ್ಲಿ ಮಾಡಿದ ಇನ್ನೂ ಪ್ರಬಲವಾದ ಒಂದು ವಸ್ತು 1948ರಲ್ಲಿ ಇಲಿ ಪಾಷಾಣವಾಗಿ ಪೇಟೆಗೆ ಬಂತು. ಹಣ ಕೊಟ್ಟಿದ್ದ ವಿಸ್ಕಾನ್ಸಿನ್ ಸಂಸ್ಥೆಯ ಹೆಸರಿನ ಮೊದಲ ಅಕ್ಷರಗಳಿಂದ ಅದಕ್ಕೆ ವಾರ್ಫರಿನ್ ಅಂತ ಹೆಸರಿಟ್ಟರು. ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಆದ್ದರಿಂದ ಉಳಿದ ಇಲಿಗಳಿಗೆ ಅನುಮಾನ ಬರುವುದಿಲ್ಲ. ದನಕ್ಕೆ ಶಾಪವಾಗಿದ್ದ ಆ ನಿಧಾನವೇ ಇಲ್ಲಿ ವರವಾಯಿತು. 1951ರಲ್ಲಿ ಅಮೆರಿಕದ ಸೈನ್ಯಕ್ಕೆ ಸೇರಿದ್ದ ಯುವಕನೊಬ್ಬ ಈ ಪಾಷಾಣ ತಿಂದೂ ಬದುಕಿಕೊಂಡ. ಅವನನ್ನು ಉಳಿಸಿದ್ದು ವಿಟಮಿನ್ ಕೆ ಮತ್ತು ಬೇರೆಯವರ ರಕ್ತ. ಅಳತೆ ತಪ್ಪಿದರೂ ವಾಪಸ್ ತರಬಹುದು ಅಂತ ವೈದ್ಯರಿಗೆ ಧೈರ್ಯ ಬಂತು. 1954ರಲ್ಲಿ ಮನುಷ್ಯರಿಗೆ ಕೊಡಲು ಒಪ್ಪಿಗೆ ಸಿಕ್ಕಿತು. ಮರುವರ್ಷ ಹೃದಯಾಘಾತವಾದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಅದನ್ನೇ ಕೊಟ್ಟರು.

ನಮ್ಮ ಕಡೆಗೆ ಬಂದರೆ, ಲೋಹದ ಕವಾಟ ಹಾಕಿಸಿಕೊಂಡವರ ಮನೆಯಲ್ಲಿ ‘ರಕ್ತ ತೆಳ್ಳಗಾಗುವ ಮಾತ್ರೆ’ ಅಂತ ಇರುತ್ತದಲ್ಲ, ಅದು ವಾರ್ಫರಿನ್ ಅಥವಾ ಅದರ ದಾಯಾದಿ ಅಸಿನೊಕುಮರಾಲ್. ರಕ್ತ ನಿಜಕ್ಕೂ ತೆಳ್ಳಗಾಗುವುದಿಲ್ಲ ಬಿಡಿ, ಹೆಪ್ಪುಗಟ್ಟುವುದು ತಡವಾಗುತ್ತದೆ ಅಷ್ಟೆ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಐಎನ್‌ಆರ್ ಪರೀಕ್ಷೆ ತಪ್ಪಿಸಬೇಡಿ, ಸೊಪ್ಪು ಒಂದು ದಿನ ಜಾಸ್ತಿ ಒಂದು ದಿನ ಕಮ್ಮಿ ಮಾಡಬೇಡಿ ಅಂತ ಡಾಕ್ಟರು ಹೇಳುತ್ತಾರೆ. ಸೊಪ್ಪಿನಲ್ಲಿ ವಿಟಮಿನ್ ಕೆ ಇರುವುದೇ ಅದಕ್ಕೆ ಕಾರಣ. ಇನ್ನು ಗೊಬ್ಬರದಂಗಡಿಯಲ್ಲಿ ಸಿಗುವ ಬ್ರೊಮಾಡಿಯೊಲೋನ್ ಇಲಿ ಕೇಕ್ ಇದೇ ವಂಶದ ಮರಿಮೊಮ್ಮಗ. ವಾರ್ಫರಿನ್‌ಗೆ ಬಗ್ಗದ ಇಲಿಗಳು ಹುಟ್ಟಿಕೊಂಡ ಮೇಲೆ ಬಂದದ್ದು. ಮೈಯಲ್ಲಿ ಬಹಳ ದಿನ ಉಳಿಯುತ್ತದೆ. ಆ ಇಲಿಯನ್ನು ತಿಂದ ಗೂಬೆಗೂ ಅದು ತಟ್ಟುತ್ತದೆ.

ಇಷ್ಟೆಲ್ಲ ಆದರೂ ಕೀರ್ತಿ ಜಾಸ್ತಿ ಹೋದದ್ದು ಲಿಂಕ್‌ಗೆ. ಅದರಲ್ಲಿ ಮೋಸವೇನಿಲ್ಲ, ಹರಳು ತೆಗೆದದ್ದು ಅವರ ಬಳಗ. ಲಿಂಕ್ ತಾವೇ ಬರೆದ ಇತಿಹಾಸದಲ್ಲಿ ಸ್ಕೋಫೀಲ್ಡ್ ಮತ್ತು ರಾಡರಿಕ್ ಇಬ್ಬರನ್ನೂ ನೆನೆದಿದ್ದಾರೆ. ಆದರೆ ಪಾಂಡಿತ್ಯದ ಲೆಕ್ಕ ಇಡುವ ಕ್ರಮ ಹಾಗಿದೆ. ವಸ್ತುವಿಗೆ ಹೆಸರಿಟ್ಟವರನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ‘ಇದು ಆ ರೋಗ ಅಲ್ಲ’ ಅಂದವರು ಪೀಠಿಕೆಯ ಒಂದು ಸಾಲಿನಲ್ಲಿ ಮುಗಿದು ಹೋಗುತ್ತಾರೆ. ಹೃದಯದ ಡಾಕ್ಟರು ದನದ ಡಾಕ್ಟರ ಪತ್ರಿಕೆ ಓದುವುದೂ ಅಪರೂಪ ತಾನೇ? ನನ್ನ ಮಟ್ಟಿಗೆ ಆ ‘ಅಲ್ಲ’ ಅನ್ನುವುದೇ ಹೆಚ್ಚು ಕಷ್ಟದ ಕೆಲಸ. ರೋಗಾಣುವನ್ನೇ ಹುಡುಕುತ್ತಾ ಕೂತಿದ್ದರೆ ಕೆಟ್ಟ ಹುಲ್ಲಿನ ಕಡ್ಡಿಯನ್ನು ಯಾರೂ ಲ್ಯಾಬಿಗೆ ತರುತ್ತಿರಲಿಲ್ಲ.

ಸ್ಕೋಫೀಲ್ಡ್ 1955ರವರೆಗೆ ಅದೇ ಕಾಲೇಜಿನಲ್ಲಿದ್ದರು. 1958ರಲ್ಲಿ ಕೊರಿಯಾ ಸರ್ಕಾರ ಕರೆಸಿಕೊಂಡಿತು. ಸಿಯೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಮತ್ತೆ ಪಶುರೋಗದ ಪಾಠ ಮಾಡಿದರು. 1970ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಸಿಯೋಲ್‌ನ ರಾಷ್ಟ್ರೀಯ ಸ್ಮಶಾನದಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಸಾಲಿನಲ್ಲಿ ಮಣ್ಣಾದರು. ಅಲ್ಲಿನ ಮಕ್ಕಳಿಗೆ ಅವರು ಗೊತ್ತಿರುವುದು 1919ರ ಫೋಟೊಗಳಿಂದ.

ಆಮೇಲೆ ಕೂಮರಿನ್ ಕಡಿಮೆ ಇರುವ ಸ್ವೀಟ್ ಕ್ಲೋವರ್ ತಳಿಗಳು ಬಂದಿವೆ. ಆದರೂ ಹಳೆಯ ತಳಿ ಬೆಳೆಯುವ ಕಡೆ, ಮಳೆ ಹಿಡಿದ ವರ್ಷ, ಆ ಕಾಯಿಲೆ ಈಗಲೂ ತಲೆ ಹಾಕುತ್ತದೆ. ಆಗ ಪಶುವೈದ್ಯರು ಮೇವು ಬದಲಾಯಿಸಿ ಅನ್ನುತ್ತಾರೆ, ವಿಟಮಿನ್ ಕೆ ಚುಚ್ಚುತ್ತಾರೆ. ತೀರಾ ಕೈಮೀರಿದ್ದರೆ ಪಕ್ಕದ ಕೊಟ್ಟಿಗೆಯಿಂದ ಗಟ್ಟಿಮುಟ್ಟಾದ ಒಂದು ಹಸು ಹಿಡಿದು ತನ್ನಿ, ರಕ್ತ ಕೊಡಬೇಕು ಅನ್ನುತ್ತಾರೆ.