ಸೂಜಿ ಪ್ಯಾಕೆಟ್ ಮೇಲಿರೋ 90/14 ಅಂದ್ರೆ ಏನು?

ಹೊಲಿಗೆ ಮಷೀನಿನ ಸೂಜಿ ಪ್ಯಾಕೆಟ್ ಮೇಲೆ 90/14, 75/11 ಅಂತ ಜೋಡಿ ನಂಬರ್ ಇರುತ್ತಲ್ಲ, ತುಂಬಾ ಜನ ಅದನ್ನ ಎರಡು ಬೇರೆ ಬೇರೆ ಅಳತೆ ಅಂದ್ಕೋತಾರೆ. ಎರಡೂ ಹೇಳೋದು ಒಂದೇ, ಸೂಜಿ ಎಷ್ಟು ದಪ್ಪ ಅಂತ. ಮೊದಲನೇದು ಮೆಟ್ರಿಕ್ ಲೆಕ್ಕ, 90 ಅಂದ್ರೆ 0.90 ಮಿ.ಮೀ. ದಪ್ಪ. ಎರಡನೇದು ಹಳೇ ಸಿಂಗರ್ ಲೆಕ್ಕ, ಟೈಲರ್‌ಗಳು 14 ನಂಬರ್ ಸೂಜಿ, 16 ನಂಬರ್ ಸೂಜಿ ಅನ್ನೋದು ಇದನ್ನೇ. ನಂಬರ್ ಏರಿದಷ್ಟೂ ಸೂಜಿ ದಪ್ಪ ಆಗುತ್ತೆ (ಕೈಹೊಲಿಗೆ ಸೂಜಿಲಿ ಇದು ಪೂರ್ತಿ ಉಲ್ಟಾ, ಅದಕ್ಕೇ ಗೊಂದಲ).

ಶಿಫಾನ್, ಜಾರ್ಜೆಟ್, ತೆಳ್ಳನೆ ರೇಷ್ಮೆಗೆ 60/8ರಿಂದ 70/10, ಶರ್ಟಿನ ಕಾಟನ್‌ಗೆ 75/11 ಅಥವಾ 80/12, ಸ್ವಲ್ಪ ದಪ್ಪ ಕಾಟನ್, ಲಿನನ್‌ಗೆ 90/14, ಜೀನ್ಸ್, ಕ್ಯಾನ್ವಾಸ್‌ಗೆ 100/16. ಜೀನ್ಸ್ ಮಡಿಕೆ ಮೇಲೆ ಮಡಿಕೆ ಬಂದ್ರೆ 110/18.

ಇಷ್ಟಕ್ಕೇ ಮುಗೀತು ಅಂದ್ಕೊಳ್ಳೋದೇ ತಪ್ಪು, ಯಾಕಂದ್ರೆ ನಂಬರ್ ಹೇಳೋದು ದಪ್ಪ ಮಾತ್ರ, ಮೊನೆ ಹೇಗಿದೆ ಅಂತ ಹೇಳಲ್ಲ. ನನ್ ಪ್ರಕಾರ ಹೊಲಿಗೆ ಕೆಡೋದು ಜಾಸ್ತಿ ಮೊನೆ ವಿಷಯಕ್ಕೇ. ಟೀ ಶರ್ಟ್ ಬಟ್ಟೆನ ಸ್ವಲ್ಪ ಎಳೆದು ಹತ್ರದಿಂದ ನೋಡಿ, ಅದು ನೇಯ್ದಿರೋದಲ್ಲ, ಹೆಣೆದಿರೋದು, ಕುಣಿಕೆಯೊಳಗೆ ಕುಣಿಕೆ. ಚೂಪು ಸೂಜಿ ಎಳೆ ಮಧ್ಯಕ್ಕೇ ಚುಚ್ಚಿ ಅದನ್ನ ಕತ್ತರಿಸಿದ್ರೆ ಅವತ್ತು ಏನೂ ಕಾಣ್ಸಲ್ಲ, ಒಗೆದ ಮೇಲೆ ಹೊಲಿಗೆ ಪಕ್ಕದಲ್ಲೇ ಸಾಲಾಗಿ ತೂತು ಬಿಚ್ಕೊಳ್ಳುತ್ತೆ. ಬಾಲ್ ಪಾಯಿಂಟ್ ಅಥವಾ ಜೆರ್ಸಿ ಸೂಜಿದು ಮೊನೆ ಗುಂಡಗಿರೋದ್ರಿಂದ ಎಳೆನ ಪಕ್ಕಕ್ಕೆ ಸರಿಸಿ ಇಳಿಯುತ್ತೆ.

ಲೈಕ್ರಾ ಕಥೆ ಇನ್ನೊಂಥರ. ಸೂಜಿ ಕೆಳಗಿಳಿದು ವಾಪಸ್ ಮೇಲೇಳೋಕೆ ಶುರು ಮಾಡಿದಾಗ ಅದ್ರ ಹಿಂದೆ ದಾರ ಸ್ವಲ್ಪ ಉಬ್ಬಿ ಕುಣಿಕೆ ಆಗ್ಬೇಕು, ಆ ಕುಣಿಕೆನೇ ಶಟಲ್ ಕೊಕ್ಕೆ ಹಿಡಿಯೋದು, ಆದ್ರೆ ಲೈಕ್ರಾ ಬಟ್ಟೆ ಸೂಜಿ ಜೊತೇಲೇ ಮೇಲಕ್ಕೆ ಎದ್ದುಬಿಡುತ್ತೆ, ಕುಣಿಕೆ ಆಗಲ್ಲ, ಕೊಕ್ಕೆ ಬರೀಗೈಲಿ ಸುತ್ತುತ್ತೆ, ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತೆ. ಆಗ ಎಲ್ರೂ ದಾರದ ಟೆನ್ಷನ್ (ಬಿಗಿ) ತಿರುಗಿಸ್ತಾ ಕೂರ್ತಾರೆ, ಪಾಪ ಮಷೀನ್‌ಗೆ ಬೈಗುಳ. ಸ್ಟ್ರೆಚ್ ಸೂಜಿಲಿ ಕಣ್ಣಿನ ಹಿಂದೆ ಇರೋ ತಗ್ಗು ಇನ್ನೂ ಆಳ, ಕೊಕ್ಕೆ ಹತ್ರ ಬಂದು ದಾರ ಹಿಡ್ಕೊಳ್ಳುತ್ತೆ.

ಸ್ಯಾಟಿನ್, ಮೈಕ್ರೋಫೈಬರ್ ಥರ ಬಿಗಿ ನೇಯ್ಗೆಗೆ ಮೈಕ್ರೋಟೆಕ್ಸ್ ಸೂಜಿ, ಇದು ಪಕ್ಕಾ ಚೂಪು. ಲೆದರ್ ಸೂಜಿದು ಮೊನೆಯೇ ಪುಟ್ಟ ಉಳಿ ಇದ್ದಂಗೆ, ಕತ್ತರಿಸ್ಕೊಂಡು ಹೋಗುತ್ತೆ, ಬಟ್ಟೆಗೆ ಹಾಕ್ಬೇಡಿ. ಲೆದರ್‌ಗೆ ಬಿದ್ದ ತೂತು ಮುಚ್ಚಲ್ಲ, ಹಾಗಾಗಿ ಸ್ಟಿಚ್ ಉದ್ದ ಇಟ್ಕೊಳ್ಳಿ, ಬಿಚ್ಚಿ ಮತ್ತೆ ಹೊಲೀತೀನಿ ಅನ್ನೋ ಆಟ ನಡೆಯಲ್ಲ.

ದಾರನೂ ನೋಡ್ಬೇಕು. ಒಂದಡಿ ದಾರಕ್ಕೆ ಸೂಜಿ ಪೋಣಿಸಿ, ಓರೆಯಾಗಿ ಬಿಗಿ ಹಿಡೀರಿ, ಸೂಜಿ ತಾನಾಗೇ ಜಾರ್ಬೇಕು. ನಡುವೆ ಸಿಕ್ಕಿಹಾಕ್ಕೊಂಡ್ರೆ ಕಣ್ಣು ಆ ದಾರಕ್ಕೆ ಸಣ್ಣದು ಅಂತ.

ತಗೊಳ್ವಾಗ 130/705 ಎಚ್, ಎಚ್‌ಎx1, 15x1 ಅಂತ ಮೂರು ಹೆಸರು ಕಂಡ್ರೆ ತಲೆ ಕೆಡಿಸ್ಕೋಬೇಡಿ, ಮೂರೂ ಮನೆ ಮಷೀನಿನ ಒಂದು ಕಡೆ ಚಪ್ಪಟೆ ಬುಡದ ಸೂಜಿನೇ. ಡಿಬಿx1 ಬೇರೆ, ಅದ್ರ ಬುಡ ಪೂರ್ತಿ ದುಂಡು, ಇಂಡಸ್ಟ್ರಿಯಲ್ ಮಷೀನಿಂದು. ಬುಡದ ಮೇಲೆ ಕೊರೆದಿರೋ ನಂಬರ್ ಬರಿಗಣ್ಣಿಗೆ ಕಾಣೋದು ಕಷ್ಟ. ಶ್ಮೆಟ್ಸ್ ಕಂಪನಿ ಸೂಜಿ ಆದ್ರೆ ಬಣ್ಣದ ಗೆರೆ ನೋಡಿ, ಮೇಲಿನದು ಸೂಜಿ ಜಾತಿ, ಕೆಳಗಿನದು ಸೈಜು: ಮೇಲೆ ಹಳದಿ ಇದ್ರೆ ಸ್ಟ್ರೆಚ್, ನೀಲಿ ಇದ್ರೆ ಜೀನ್ಸ್, ಕೆಳಗೆ ನೀಲಿ ಇದ್ರೆ 90, ಕಿತ್ತಳೆ ಇದ್ರೆ 80. ಯೂನಿವರ್ಸಲ್ ಅಂದ್ರೆ ಮಾಮೂಲಿ ಸೂಜಿಗೆ ಮೇಲಿನ ಗೆರೆ ಇರೋದೇ ಇಲ್ಲ.