ದೀಪ ತಾನೇ ಉರಿಯುತ್ತದೆ, ದ್ವೀಪದಲ್ಲಿ ಮನುಷ್ಯ ಯಾಕೆ?

ಪ್ರಶ್ನೆ: ವಿಜಯಪುರದಿಂದ ಕಾರವಾರಕ್ಕೆ ಪ್ರವಾಸ ಹೋಗಿದ್ದೆವು. ದಡದಿಂದ ದೇವಗಡ ದ್ವೀಪದ ಲೈಟ್‌ಹೌಸ್ ನೋಡಿದೆವು. ಈಗ ಹಡಗಿನಲ್ಲಿ ಜಿಪಿಎಸ್ ಇದೆ, ದೀಪವೂ ಆಟೊಮ್ಯಾಟಿಕ್. ಹೀಗಿರುವಾಗ ಇಂಥ ದ್ವೀಪಗಳಲ್ಲಿ ಮನುಷ್ಯರು ಯಾಕಿರಬೇಕು?

ಉತ್ತರ: ಬರೀ ದೀಪ ಹಚ್ಚುವುದಕ್ಕಾದರೆ ಬೇಕಿಲ್ಲ. ಕತ್ತಲಾದರೆ ಸೆನ್ಸರ್ ದೀಪ ಹಚ್ಚುತ್ತದೆ, ಬೆಳಗಾದರೆ ಆರಿಸುತ್ತದೆ.

ಮೊದಲು ಹಾಗಿರಲಿಲ್ಲ. ದೇವಗಡದ ಲೈಟ್‌ಹೌಸ್ 1864ರದು. ಆ ಕಾಲದ ದೀಪಗಳು ಎಣ್ಣೆಯವು. ಬತ್ತಿ ಕತ್ತರಿಸಬೇಕು, ಮಸಿ ಒರೆಸಬೇಕು. ತಿರುಗುವ ಲೆನ್ಸ್ ಇದ್ದಲ್ಲಿ ಕೆಲಸ ಇನ್ನೂ ಜಾಸ್ತಿ. ಹಳೇ ಗೋಡೆ ಗಡಿಯಾರದ ಹಾಗೆ ಒಂದು ಭಾರದ ಗುಂಡು ನಿಧಾನಕ್ಕೆ ಕೆಳಗಿಳಿಯುತ್ತಾ ಲೆನ್ಸನ್ನು ತಿರುಗಿಸುತ್ತಿತ್ತು. ಗುಂಡು ತಳ ಮುಟ್ಟುವ ಮೊದಲೇ ಕೀಲಿ ಕೊಟ್ಟು ಮೇಲೆತ್ತಬೇಕು, ನಡುರಾತ್ರಿಯಾದರೂ ಸರಿ. ಯಾಕೆಂದರೆ ಒಂದೊಂದು ಲೈಟ್‌ಹೌಸ್ ಮಿನುಗುವ ಲೆಕ್ಕ ಒಂದೊಂದು ಥರ. ನಾವಿಕರು ಸೆಕೆಂಡ್ ಎಣಿಸಿ ಇದು ಯಾವ ಊರಿನ ದೀಪ ಎಂದು ಗುರುತು ಹಿಡಿಯುತ್ತಾರೆ. ಲೆಕ್ಕ ತಪ್ಪಿದ ದೀಪವನ್ನು ನಂಬಿದರೆ ಹಡಗು ಬಂಡೆಗೆ ಬಡಿಯಬಹುದು.

ಆ ದುಡಿಮೆಯನ್ನು ಈಗ ಯಂತ್ರ ಮಾಡುತ್ತದೆ. ಆದರೆ ನಿಮ್ಮೂರಿನ ಉಪ್ಪಲಿ ಬುರುಜನ್ನು ನೆನೆಯಿರಿ. ಸುಮ್ನೆ ದೂರದಿಂದ ಕಾಣಲಿ ಎಂದು ಅದನ್ನು ಕಟ್ಟಲಿಲ್ಲ. ಮೇಲೆ ನಿಂತವನಿಗೆ ದೂರ ಕಾಣಬೇಕು, ಅದಕ್ಕೇ ಕಟ್ಟಿದ್ದು. ಲೈಟ್‌ಹೌಸ್ ಕೂಡ ಹಾಗೇ ಅಲ್ವಾ? ನಾವು ಅದರ ದೀಪ ನೋಡುತ್ತೇವೆ, ಅಲ್ಲಿಂದ ನಮ್ಮ ಕಡೆ ನೋಡುವ ಕಣ್ಣನ್ನು ಮರೆತುಬಿಡುತ್ತೇವೆ.

ಬ್ರಿಟನ್ನಿನಲ್ಲಿ 1998ರ ಹೊತ್ತಿಗೆ ಲೈಟ್‌ಹೌಸ್‌ಗಳಿಂದ ಎಲ್ಲ ಕಾವಲುಗಾರರನ್ನೂ ತೆಗೆದರು. ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಇವತ್ತಿಗೂ ಇದ್ದಾರೆ. ಅಲೆ ಎಷ್ಟು ಎತ್ತರ, ಮಂಜು ಎಷ್ಟು ದಟ್ಟ, ಗಾಳಿ ಯಾವ ಕಡೆಯಿಂದ ಎಂದು ದಿನಕ್ಕೆ ಹಲವು ಸಲ ರೇಡಿಯೊದಲ್ಲಿ ತಿಳಿಸುತ್ತಾರೆ. ಸಣ್ಣ ದೋಣಿಯವರು, ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದವರು ಅದನ್ನು ಕೇಳಿ ಹೊರಡುತ್ತಾರೆ. ಜಿಪಿಎಸ್ ನೀವು ಎಲ್ಲಿದ್ದೀರಿ ಎಂದು ಹೇಳುತ್ತದೆ. ಮುಂದಿನ ತಿರುವಿನಲ್ಲಿ ಅಲೆ ಹೇಗಿದೆ ಎಂದು ಹೇಳುವುದಿಲ್ಲ. 2009ರಲ್ಲಿ ಅಲ್ಲಿಯೂ ಕಾವಲುಗಾರರನ್ನು ತೆಗೆಯಲು ಹೊರಟಾಗ ಜನ ಜೋರಾಗಿ ವಿರೋಧಿಸಿದರು. ಯೋಜನೆ ನಿಂತಿತು. ಜನ ಕೇಳಿದ್ದು ಸರಿಯಾಗಿಯೇ ಇತ್ತು ಎಂದು ನನಗೆ ಅನಿಸುತ್ತದೆ.

ಇನ್ನು ಉಪ್ಪುಗಾಳಿ. ಅದು ಕಬ್ಬಿಣ ತಿನ್ನುತ್ತದೆ, ಗಾಜಿಗೆ ಮೆತ್ತಿಕೊಂಡು ಬೆಳಕನ್ನು ಮಂಕು ಮಾಡುತ್ತದೆ. ಒರೆಸುವ ಕೈ ಬೇಕೇ ಬೇಕು. ಮಳೆಗಾಲದಲ್ಲಿ ಸಣ್ಣ ದೋಣಿ ದ್ವೀಪ ಮುಟ್ಟುವುದೇ ಕಷ್ಟ. ದೀಪಕ್ಕೆ ಎಲ್ಲಕ್ಕಿಂತ ಜಾಸ್ತಿ ಕೆಲಸ ಇರುವುದೂ ಅಂಥ ರಾತ್ರಿಗಳಲ್ಲೇ. ಅವತ್ತು ಅದು ಕೆಟ್ಟರೆ ದಡದಿಂದ ಯಾರೂ ಹೋಗಲಾಗದು, ಮೊದಲೇ ಅಲ್ಲಿರುವವರೇ ಸರಿ ಮಾಡಬೇಕು.